ಅವಸರವಿರುವ ಮಗುವಿಗೇ ದಪ್ಪ ಕಡತ

ಭಾರತದಿಂದ ಹೊರದೇಶಕ್ಕೆ ದತ್ತು ಹೋಗುವ ಮಗು ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ತೊಟ್ಟಿಲ ಕೂಸು. ಲೆಕ್ಕ ಬೇರೆಯೇ ಇದೆ. 2024–25ರಲ್ಲಿ ದೇಶದಲ್ಲಿ ಆದ 4,515 ದತ್ತುಗಳಲ್ಲಿ 4,155 ಮಕ್ಕಳು ಇಲ್ಲಿನ ಮನೆಗಳಿಗೇ ಹೋದರು. ಹೊರದೇಶಕ್ಕೆ ಹೋದವರು 360. ಹಸುಗೂಸಿಗಾಗಿ ಇಲ್ಲಿನ ದಂಪತಿಗಳೇ ಮೂರು ವರ್ಷಕ್ಕೂ ಹೆಚ್ಚು ಕಾಯುತ್ತಿದ್ದಾರೆ. ಹಾಗಾಗಿ ವಿದೇಶಿ ದಂಪತಿಗಳ ಪಾಲಿಗೆ ಬರುವವರಲ್ಲಿ ಬಹುಪಾಲು ನಾವು ಬೇಡವೆಂದು ಬಿಟ್ಟವರು: ಹೃದಯದಲ್ಲಿ ರಂಧ್ರವಿರುವವರು, ಕಿವಿ ಕೇಳದವರು, ದಿನ ತುಂಬುವ ಮೊದಲೇ ಹುಟ್ಟಿ ಬೆಳವಣಿಗೆಯಲ್ಲಿ ಹಿಂದೆ ಬಿದ್ದವರು, ಐದು ವರ್ಷ ದಾಟಿದವರು, ಅಗಲಿಸಬಾರದ ಅಕ್ಕ–ತಮ್ಮಂದಿರು.

ಕಾನೂನಿನ ಆಶಯವೂ ಹಾಗೆಯೇ ಇದೆ. ದತ್ತು ಕೊಡಲು ಮುಕ್ತ ಎಂದು ಘೋಷಣೆಯಾದ 60 ದಿನಗಳೊಳಗೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ಸಿಗದಿದ್ದರೆ ಮಾತ್ರ ಮಗುವನ್ನು ಹೊರದೇಶಕ್ಕೆ ಕೊಡಬಹುದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 59ನೇ ಸೆಕ್ಷನ್. ಅಂಗವೈಕಲ್ಯವಿರುವ ಮಕ್ಕಳಿಗೆ ಅಲ್ಲಿ ಆದ್ಯತೆ ಕೊಡಬಹುದು ಎಂದೂ ಹೇಳುತ್ತದೆ. ಒಪ್ಪತಕ್ಕ ಮಾತು. ಆದರೆ ಆದ್ಯತೆ ಸಿಕ್ಕಿದ ಮಗು ಮುಂದೆ ಹಿಡಿಯುವ ದಾರಿಯೇ ಎಲ್ಲಕ್ಕಿಂತ ಉದ್ದದ್ದು.

ಕಿವಿ ಕೇಳದ ಎರಡು ವರ್ಷದ ಹುಡುಗಿಯೊಬ್ಬಳ ಕಡತವನ್ನು ಊಹಿಸಿಕೊಳ್ಳಿ. ಅದರಲ್ಲಿ ಅವಳ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಇರುತ್ತವೆ: ತೂಕ, ಎತ್ತರ, ತಲೆಯ ಸುತ್ತಳತೆ, ಎಚ್‌ಐವಿ ಮತ್ತು ಹೆಪಟೈಟಿಸ್‌–ಬಿ ಪರೀಕ್ಷೆಯ ಫಲಿತಾಂಶ, ಊಟ–ನಿದ್ದೆಯ ರೂಢಿ, ಒಂದು ಫೋಟೊ. ಇಟಲಿಯಲ್ಲೋ ಸ್ಪೇನ್‌ನಲ್ಲೋ ಇರುವ ದಂಪತಿ ತಮ್ಮ ಸಂಬಳ, ಆರೋಗ್ಯ, ಪೊಲೀಸ್ ದಾಖಲೆ, ಮಲಗುವ ಕೋಣೆಯ ತನಕ ಎಲ್ಲವನ್ನೂ ಗೃಹ ಅಧ್ಯಯನ ವರದಿಯಲ್ಲಿ ಬಿಚ್ಚಿಟ್ಟು, ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಅವಳನ್ನು ಒಪ್ಪುತ್ತಾರೆ. ಮೊದಲು ಅಂತರದೇಶೀಯ ದತ್ತು ಕುರಿತ ಹೇಗ್ ಒಪ್ಪಂದದ 5 ಮತ್ತು 17ನೇ ವಿಧಿಯಡಿ ಅವರ ಸರ್ಕಾರದ ಒಪ್ಪಿಗೆ ಬರಬೇಕು. ಅದಾದ ಮೇಲೆ ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ನಿರಾಕ್ಷೇಪಣಾ ಪತ್ರ, ಅದಾದ ಮೇಲೆ ಜಿಲ್ಲಾಧಿಕಾರಿಯ ಆದೇಶ. ಇನ್ನೂ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, 23ನೇ ವಿಧಿಯ ದೃಢೀಕರಣ, ವೀಸಾ ಬಾಕಿ. ಇವುಗಳಲ್ಲಿ ಹಲವು ಒಂದರ ಹಿಂದೆ ಒಂದು ಕಾಯಬೇಕಾದವು. ಕಾಕ್ಲಿಯರ್ ಇಂಪ್ಲಾಂಟ್ ತಡವಾದಷ್ಟೂ ಮಾತು ಬರುವುದು ಕಷ್ಟ ಎನ್ನುವುದನ್ನು ಯಾವ ಕಿವಿ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಅಪ್ಪ–ಅಮ್ಮ ವಿಮಾನ ಇಳಿದು ಬರುವಾಗ ಅವರ ಕೈಯಲ್ಲಿರುವ ತೂಕ–ಎತ್ತರದ ಅಂಕಿಗಳೆಲ್ಲ ಹಳೆಯವು.

ಹಾಗೆಂದು ಈ ಕಾಗದಗಳನ್ನು ಯಾವ ಗುಮಾಸ್ತನೂ ಕೂತು ಹುಟ್ಟಿಸಿದ್ದಲ್ಲ. 1956ರ ದತ್ತಕ ಕಾಯ್ದೆ ಹಿಂದೂಗಳಿಗಷ್ಟೇ ಅನ್ವಯ. ವಿದೇಶಿಯರು 1890ರ ಕಾಯ್ದೆಯೊಂದನ್ನು ಹಿಡಿದು ಪಾಲಕರೆಂಬ ಹೆಸರಿನಲ್ಲಿ ಮಗುವನ್ನು ಒಯ್ಯುತ್ತಿದ್ದರು, ನಡುವೆ ದಲ್ಲಾಳಿಗಳು ಕಾಸು ಮಾಡುತ್ತಿದ್ದರು. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ 1984ರಲ್ಲಿ ನಿಯಮ ಹಾಕಿಕೊಟ್ಟಿತು. 1990ರಲ್ಲಿ ಕಾರಾ ಬಂತು, 2003ರಲ್ಲಿ ನಾವು ಹೇಗ್ ಒಪ್ಪಂದವನ್ನು ಸ್ಥಿರೀಕರಿಸಿದೆವು. ನಿಯಮ ಬಂದ ಮೇಲೂ ಅವಿಭಜಿತ ಆಂಧ್ರದ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಕೊಂಡು ಮಾರಿದ್ದು, ಚೆನ್ನೈನ ಕೊಳೆಗೇರಿಯಿಂದ ಕದ್ದ ಮಗುವೊಂದು ವರ್ಷಗಳ ನಂತರ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದದ್ದು ನಡೆದೇ ಇದೆ. 2017ರಲ್ಲಿ ಟೆಕ್ಸಾಸ್‌ನ ದತ್ತು ಮನೆಯಲ್ಲಿ ಸತ್ತ ಮೂರು ವರ್ಷದ ಹುಡುಗಿ ಬಿಹಾರದಿಂದ ಎಲ್ಲ ಕಾಗದ ಸರಿಯಿದ್ದೇ ಹೋದವಳು.

ಕಾಗದ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿಯಿರುವುದಿಲ್ಲ ಎಂಬ ಮಾತು ದಕ್ಷಿಣ ಕೊರಿಯಾಕ್ಕೂ ಸಲ್ಲುತ್ತದೆ. ಅಪ್ಪ–ಅಮ್ಮ ಇದ್ದ ಮಕ್ಕಳನ್ನು ದಾಖಲೆಯಲ್ಲಿ ಅನಾಥರೆಂದು ತೋರಿಸಿ ಸಾಗಹಾಕಲಾಗಿತ್ತು ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2025ರಲ್ಲಿ ಹೇಳಿತು. ಚೀನಾ 2024ರಲ್ಲಿ ಹೊರದೇಶಕ್ಕೆ ಮಕ್ಕಳನ್ನು ಕೊಡುವುದನ್ನೇ ನಿಲ್ಲಿಸಿತು. ಮಗುವನ್ನು ಪಡೆಯುವ ನೆದರ್ಲೆಂಡ್ಸ್ ಕೂಡ ಅದೇ ವರ್ಷ ಹಂತ ಹಂತವಾಗಿ ನಿಲ್ಲಿಸುವ ತೀರ್ಮಾನಕ್ಕೆ ಬಂತು. ಕೊರಿಯಾದಲ್ಲಿ ಸುಳ್ಳು ಹೇಳಿದ್ದು ಕಡತದ ಮೊದಲ ಹಾಳೆ. ಅದು ಸುಳ್ಳಾದರೆ ಮೇಲೆ ಹತ್ತು ಮೊಹರು ಬಿದ್ದರೂ ಪ್ರಯೋಜನವಿಲ್ಲ.

ನಮ್ಮಲ್ಲಿ ಆ ಮೊದಲ ಹಾಳೆ ಮಕ್ಕಳ ಕಲ್ಯಾಣ ಸಮಿತಿಯದು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ತೊರೆದ ಮಗುವಿನ ಹೆತ್ತವರನ್ನು ಹುಡುಕಲು ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು. ಈ ಹಂತದಲ್ಲಿ ಒಂದು ದಿನವನ್ನೂ ಕಡಿಮೆ ಮಾಡಬಾರದು. ಪತ್ರಿಕೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೊ ಹಾಕಿ ‘ವಾರಸುದಾರರು ಬಂದಿಲ್ಲ’ ಎಂದು ಷರಾ ಬರೆದರೆ ಅದನ್ನು ವಿಚಾರಣೆ ಎನ್ನಲಾಗದು. ಬಸ್ ನಿಲ್ದಾಣ, ಹೆರಿಗೆ ಆಸ್ಪತ್ರೆ, ಅಂಗನವಾಡಿಗೆ ಹೋಗಿ ಕೇಳಬೇಕು. ಅಲ್ಲಿ ನಿಧಾನ ಬೇಕು. ಪೋಷಕರು ಗೊತ್ತಾಗಿ, ಎರಡೂ ದೇಶಗಳು ಒಪ್ಪಿದ ಮೇಲೆ ಆಗುವ ನಿಧಾನಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂತು. ಬೇಗ ಆಗಲಿ ಎಂಬುದೇ ಉದ್ದೇಶ. ಆದರೆ ಡಿಸಿ ಕಚೇರಿಯ ಟಪಾಲು ನೋಡಿದವರಿಗೆ ಗೊತ್ತು: ಬರ, ನೆರೆ, ಚುನಾವಣೆ, ಒತ್ತುವರಿ, ಜನಸ್ಪಂದನ, ಸಚಿವರ ಪ್ರವಾಸ. ಎರಡು ತಿಂಗಳಲ್ಲಿ ಇತ್ಯರ್ಥ ಮಾಡಬೇಕೆಂದು ಕಾಯ್ದೆ ಹೇಳುತ್ತದೆ, ಸರಿ. ಮೂರನೇ ತಿಂಗಳು ಶುರುವಾದರೆ ಬಂದು ಕೇಳಲು ಆ ಮಗುವಿಗೆ ಯಾರಿದ್ದಾರೆ?

ಅಮೆರಿಕದಲ್ಲಿರುವ ನಮ್ಮವರ ಫಜೀತಿ ಇನ್ನೊಂದು ಬಗೆಯದು. ಸರದಿಯಲ್ಲಿ ಅನಿವಾಸಿ ಭಾರತೀಯರು ಇಲ್ಲಿನವರಿಗೆ ಸಮ ಎನ್ನುತ್ತದೆ ನಮ್ಮ ಕಾನೂನು. ಹೇಗ್ ದತ್ತಿನ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿರಬೇಕು ಎನ್ನುತ್ತದೆ ಅಲ್ಲಿನದು. ಡಲ್ಲಾಸ್‌ನ ಕನ್ನಡದ ದಂಪತಿಯ ಬಳಿ ಇರುವುದು ಗ್ರೀನ್ ಕಾರ್ಡ್ ಅಷ್ಟೇ ಆದರೆ ಆ ದಾರಿ ಮುಚ್ಚಿತು; ಎರಡು ವರ್ಷ ಮಗುವಿನೊಡನೆ ವಾಸವಿದ್ದು ಬೇರೆ ಅರ್ಜಿ ಹಾಕಬೇಕು. ನೋಂದಣಿಯ ದಿನವೇ ಇದನ್ನು ಎದುರಿಗೆ ಕೂರಿಸಿ ಹೇಳಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ನಿರಾಕ್ಷೇಪಣಾ ಪತ್ರ ಬಂದ ವಾರದಲ್ಲೇ ಜಿಲ್ಲಾಧಿಕಾರಿ ವಿಚಾರಣೆಯ ದಿನ ಗೊತ್ತು ಮಾಡಲಿ. ಕಡತ ಓಡಾಡುತ್ತಿರುವಾಗ ಚಿಕಿತ್ಸೆ ನಿಲ್ಲದಿರಲಿ; ಹೇಗೂ ಹೋಗುವ ಮಗು, ಅಲ್ಲೇ ಮಾಡಿಸಿಕೊಳ್ಳಲಿ ಎಂದು ಯಾರೂ ಕೈಕಟ್ಟಿ ಕೂರಬಾರದು. ಕಿವಿ ಕೇಳದ ಆ ಹುಡುಗಿ ಕರ್ನಾಟಕದವಳಾದರೆ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ಶ್ರವಣಸಾಧನ ಹಾಕಿಸಲು ವೀಸಾ ಬೇಕಿಲ್ಲ. ವೈದ್ಯಕೀಯ ವರದಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಲಿ. ಮಗು ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಂದು ವರದಿ ಕಳಿಸಿ ಎಂದು ಅವರನ್ನು ಕೇಳುವ ನಾವು, ಮಗು ನಮ್ಮಲ್ಲಿದ್ದಾಗ ಅಷ್ಟನ್ನು ಮಾಡಲಾರೆವೆ? ಯಾವ ಜಿಲ್ಲೆಯಲ್ಲಿ, ಯಾವ ಹಂತದಲ್ಲಿ ಒಂದು ಕಡತ ಸರಾಸರಿ ಎಷ್ಟು ದಿನ ಕೂರುತ್ತದೆ ಎಂಬುದನ್ನು ಮಕ್ಕಳ ಹೆಸರಿಲ್ಲದೆ, ಜಿಲ್ಲೆಯ ಹೆಸರು ಮಾತ್ರ ಹಾಕಿ ಕಾರಾ ಪ್ರತಿ ತಿಂಗಳು ಪ್ರಕಟಿಸಲಿ.