ದನ ಕಾಯುವ ವಿದ್ಯೆ

ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಗದರಿಸುವಾಗ ಕನ್ನಡದ ತಂದೆತಾಯಿಗಳ ಬಾಯಿಂದ ತಲೆಮಾರುಗಳಿಂದ ಹೊರಡುತ್ತ ಬಂದ ಮಾತೊಂದಿದೆ: "ಓದದಿದ್ದರೆ ದನ ಕಾಯಬೇಕಾದೀತು!" ಅಹಮದಾಬಾದಿನ ಬೀದಿಯಲ್ಲಲ್ಲದೆ ಬೇರೆಲ್ಲೂ ದನವನ್ನು ಕಾಣದ ಮಗುವಿಗೂ ನಾವು ಇದೇ ಮಾತನ್ನು ಹೇಳುತ್ತೇವೆ. ಆದರೆ ದನವನ್ನು ಶಾಸ್ತ್ರೋಕ್ತವಾಗಿ ಕಾಯುವ ವಿದ್ಯೆಗೆ ಇಂದು ಸೇರಬೇಕಾದರೆ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಚೆನ್ನಾಗಿ ಓದಿದ ವಿದ್ಯಾರ್ಥಿಯೇ ಆಗಬೇಕು. ಓದದವನಿಗೆ ಅಲ್ಲಿ ಪ್ರವೇಶವೇ ಇಲ್ಲ. ಗುಜರಾತಿನಲ್ಲಿ ನೆಲೆಸಿದ ನಾವು ಈ ವಿದ್ಯೆಯನ್ನು ಕಡೆಗಣಿಸಿರುವುದು ನಮ್ಮ ಮಕ್ಕಳಿಗೂ ಈ ನೆಲಕ್ಕೂ ಮಾಡುತ್ತಿರುವ ಅನ್ಯಾಯವೆಂಬುದು ನನ್ನ ವಾದ.

ನಮ್ಮವರ ನೆಲೆಗಳನ್ನು ನೋಡಿ. ಅಹಮದಾಬಾದಿನಲ್ಲಿ ಹೋಟೆಲು, ಬ್ಯಾಂಕು, ಕೇಂದ್ರ ಸರಕಾರದ ಕಚೇರಿಗಳು. ವಡೋದರಾದಲ್ಲಿ ಕೋಯಲಿಯ ತೈಲ ಶುದ್ಧೀಕರಣ ಕೇಂದ್ರ ಮತ್ತು ಅದರ ಸುತ್ತಣ ಕಾರ್ಖಾನೆಗಳು. ಸೂರತ್ತಿನಲ್ಲಿ ಬಟ್ಟೆಯ ವ್ಯಾಪಾರ, ಹಜೀರಾದ ಉದ್ಯಮಗಳು. ನಾವು ನಗರಕ್ಕೆ ಬಂದವರು, ನಗರದಲ್ಲೇ ಉಳಿದವರು. ಈ ನಾಡಿನ ಹಾಲನ್ನು ಕುಡಿದಿದ್ದೇವೆ, ಅದರ ಕೊಟ್ಟಿಗೆಯನ್ನು ಕಂಡಿಲ್ಲ. ನಮ್ಮ ಮಕ್ಕಳ ಮುಂದೆ ನಾವಿಡುವ ದಾರಿಗಳು ಎರಡೇ, ಇಂಜಿನಿಯರಿಂಗ್ ಇಲ್ಲವೆ ಮನುಷ್ಯವೈದ್ಯ. ಇವೆರಡೂ ಕೈತಪ್ಪಿದಾಗ ಮಾತ್ರ ಮೂರನೆಯದರ ವಿಚಾರಣೆ ಆರಂಭವಾಗುತ್ತದೆ.

ಆ ಮೂರನೆಯ ದಾರಿ ನಮ್ಮ ಮನೆಬಾಗಿಲಲ್ಲೇ ಇದೆ. ಅಹಮದಾಬಾದು–ವಡೋದರಾ ರೈಲುಮಾರ್ಗದ ನಡುವಣ ಆಣಂದಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾದದ್ದು 1964ರಲ್ಲಿ. 1972ರಲ್ಲಿ ಹುಟ್ಟಿದ ಗುಜರಾತ್ ಕೃಷಿ ವಿಶ್ವವಿದ್ಯಾಲಯವನ್ನು 2004ರಲ್ಲಿ ನಾಲ್ಕಾಗಿ ವಿಭಜಿಸಲಾಯಿತು. ಈಗ ಈ ಕಾಲೇಜು 2009ರ ಕಾಯಿದೆಯಿಂದ ರೂಪುಗೊಂಡ, ಪಶುವಿಜ್ಞಾನಕ್ಕೇ ಮೀಸಲಾದ ಕಾಮಧೇನು ವಿಶ್ವವಿದ್ಯಾಲಯಕ್ಕೆ ಸೇರಿದೆ. ಸೂರತ್ತಿನವರಿಗೆ ನವಸಾರಿಯ ಕಾಲೇಜು ಇನ್ನೂ ಹತ್ತಿರ. ಕರ್ನಾಟಕದಲ್ಲಿ 1958ರ ಹೆಬ್ಬಾಳದ ಕಾಲೇಜೂ ಅದರ ತರುವಾಯದವೂ 2004ರ ಕಾಯಿದೆಯಂತೆ ಸ್ಥಾಪಿತವಾದ ಬೀದರಿನ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಪದವಿಯ ಅವಧಿ ಎಲ್ಲೆಡೆಯೂ ಒಂದೇ: ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಪ್ರಾಯೋಗಿಕ ಸೇವೆ. ಮನುಷ್ಯವೈದ್ಯ ವಿದ್ಯಾರ್ಥಿ ಒಂದು ಶರೀರವನ್ನು ಓದಿದರೆ ಇಲ್ಲಿಯವನು ಹಸು, ಎಮ್ಮೆ, ಕುದುರೆ, ಕುರಿ, ಆಡು, ಹಂದಿ, ನಾಯಿ, ಕೋಳಿಗಳ ಶರೀರಗಳನ್ನು ಓದಬೇಕು. ಪದವಿಯ ಹೆಸರಿನಲ್ಲಿಯೇ ವೈದ್ಯದ ಜೊತೆಗೆ ಪಶುಸಂಗೋಪನೆಯೂ ಇದೆ. ರೋಗ ಬಂದ ಮೇಲೆ ಮದ್ದು ಕೊಡುವುದರಷ್ಟೇ, ಮೇವು, ತಳಿ, ಗಬ್ಬ, ಕರು, ಹಾಲು ಇವುಗಳನ್ನು ಅರಿಯುವುದೂ ಈ ವಿದ್ಯೆಯ ಅಂಗವೆಂದು ಅದರ ಅರ್ಥ.

ಈ ವಿದ್ಯೆಯ ವಿಷಯದಲ್ಲಿ ನಮ್ಮ ಎರಡು ನಾಡುಗಳ ನಡುವೆ ಹಳೆಯ ಕೊಡುಕೊಳೆಯಿದೆ. 1927ರಲ್ಲಿ ಅನಾರೋಗ್ಯದ ನಿಮಿತ್ತ ನಂದಿಬೆಟ್ಟ ಮತ್ತು ಬೆಂಗಳೂರುಗಳಲ್ಲಿ ವಿಶ್ರಾಂತಿಯಲ್ಲಿದ್ದ ಗಾಂಧೀಜಿ, ಬೆಂಗಳೂರಿನ ಇಂಪೀರಿಯಲ್ ಡೈರಿಗೆ ಹೋಗಿ ವಿಲಿಯಂ ಸ್ಮಿತ್ ಅವರ ಬಳಿ ಗೋಪಾಲನೆಯ ಪಾಠ ಕೇಳಿದರು. ಸಾಬರಮತಿಯ ಸಂತ ವಿದ್ಯಾರ್ಥಿಯಾಗಿ ಕುಳಿತದ್ದು ಕನ್ನಡದ ನೆಲದಲ್ಲಿ. ವರ್ಗೀಸ್ ಕುರಿಯನ್ ಅವರೂ ಅಮೆರಿಕಕ್ಕೆ ಹೋಗುವ ಮೊದಲು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ತರಬೇತಿ ಪಡೆದವರು. 1949ರಲ್ಲಿ ಅವರು ಆಣಂದಿಗೆ ಬಂದಿಳಿದರು. ಪ್ರತಿಯಾಗಿ ಆಣಂದಿನ ಸಹಕಾರಿ ಪದ್ಧತಿ ಎಪ್ಪತ್ತರ ದಶಕದಲ್ಲಿ ಕರ್ನಾಟಕಕ್ಕೆ ಹೋಯಿತು, ಅಲ್ಲಿ ಬೇರುಬಿಟ್ಟು ಕರ್ನಾಟಕ ಹಾಲು ಮಹಾಮಂಡಳವಾಗಿ ಬೆಳೆಯಿತು. ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಶ್ಯಾಮ್ ಬೆನೆಗಲ್ ಅವರ 'ಮಂಥನ್' ಚಿತ್ರದ ನಾಯಕ, ಖೇಡಾ ಸೀಮೆಯ ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್. 1976ರ ಆ ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. ಅನಂತನಾಗ್ ಅವರೂ ಅದರಲ್ಲಿದ್ದರು. ತೆರೆಯ ಮೇಲೆ ಕನ್ನಡಿಗನೊಬ್ಬ ಗುಜರಾತಿನ ಕೊಟ್ಟಿಗೆಗೆ ಹೋಗಿ ಅರ್ಧ ಶತಮಾನವಾಯಿತು. ತೆರೆಯ ಈಚೆಗಿರುವ ನಾವು ಎಷ್ಟು ಜನ ಹೋದೆವು?

2023ರ ಏಪ್ರಿಲಿನಲ್ಲಿ ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು–ಮೊಸರು ಮಾರಲು ಹೊರಟಾಗ ಎದ್ದ ವಿವಾದ ನೆನಪಿರಬಹುದು. ವಿಧಾನಸಭಾ ಚುನಾವಣೆಯ ಹೊತ್ತು. ನಂದಿನಿಯನ್ನು ಉಳಿಸಿರೆಂಬ ಕೂಗು ನಾಡಿನ ತುಂಬ ಕೇಳಿತು. ಬೆಳಗ್ಗೆ ಅಮುಲ್ ಹಾಲಿನ ಕಾಫಿ ಕುಡಿದು ಸಂಜೆ ನಂದಿನಿಯ ಪರವಾಗಿ ಮಾತನಾಡುವ ಇಕ್ಕಟ್ಟು ನಮ್ಮದು. ನಂದಿನಿ ಉಳಿಯಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಾಲಿನ ಚೀಲದ ಮೇಲಿನ ಹೆಸರಿನಿಂದ ಯಾವ ಸಂಘವೂ ಉಳಿಯುವುದಿಲ್ಲ. ಹಳ್ಳಿಯ ಹೆಣ್ಣುಮಗಳ ಎಮ್ಮೆಗೆ ಕೆಚ್ಚಲು ಬಾವು ಬಂದ ದಿನ ವೈದ್ಯ ಬಂದನೇ, ಬೆದೆಗೆ ಬಂದ ಹಸುವಿಗೆ ಸಕಾಲದಲ್ಲಿ ಗರ್ಭಧಾರಣೆಯಾಯಿತೇ ಎಂಬುದರ ಮೇಲೆ ಹಾಲಿನ ಲೆಕ್ಕ ನಿಲ್ಲುತ್ತದೆ. ಖೇಡಾದ ಸಹಕಾರಿ ಒಕ್ಕೂಟ ಹಾಲು ಕೊಳ್ಳುವುದಷ್ಟನ್ನೇ ಮಾಡಲಿಲ್ಲ. ಹಳ್ಳಿಹಳ್ಳಿಗೆ ಪಶುವೈದ್ಯರ ವಾಹನಗಳನ್ನು ಕಳಿಸಿತು. ಕರ್ನಾಟಕದ ಒಕ್ಕೂಟಗಳೂ ಅದೇ ಹಾದಿ ತುಳಿದವು. ಎರಡು ಹೆಸರುಗಳ ಬೆನ್ನಿಗಿರುವ ವಿದ್ಯೆ ಒಂದೇ.

ಇನ್ನು ಭಾಷೆಯ ಮಾತು. ಹೆಬ್ಬಾಳವಿರಲಿ ಆಣಂದಿರಲಿ, ಬೋಧನೆ ಇಂಗ್ಲಿಷಿನಲ್ಲಿ. ಆದರೆ ಈ ವೈದ್ಯನ ರೋಗಿಗೆ ಬಾಯಿಲ್ಲ. ಎಷ್ಟು ದಿನದಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂಬುದನ್ನೆಲ್ಲ ಒಡೆಯನೋ ಒಡತಿಯೋ ಹೇಳಬೇಕು, ಅದೂ ತಮ್ಮ ಆಡುಮಾತಿನಲ್ಲಿ. ನಮ್ಮ ರೈತ ಕಾಲುಬಾಯಿ ಜ್ವರ ಎಂದುದನ್ನು ಇಲ್ಲಿಯವನು ಖರವಾ–ಮೋವಾಸಾ ಎನ್ನುತ್ತಾನೆ. ನಾವು ಗಳಲೆ ರೋಗ ಎಂದರೆ ಇಲ್ಲಿ ಗಳಸೂಂಢೋ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ನಮ್ಮ ಮಕ್ಕಳಿಗೆ ಈ ಮೂರು ಲೋಕಗಳ ನಡುವೆ ಓಡಾಡುವ ಶಕ್ತಿ ಸಹಜವಾಗಿ ಬಂದಿದೆ. ಕೊಟ್ಟಿಗೆಯ ಕನ್ನಡವನ್ನು ಮಾತ್ರ ನಾವು ಅವರಿಗೆ ಕಲಿಸಿಲ್ಲ. ಕಲ್ಯಾಣ ಚಾಲುಕ್ಯ ಮನೆತನದ ಕೀರ್ತಿವರ್ಮ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಆ ಕಲ್ಯಾಣವಿರುವ ಬೀದರ್ ಜಿಲ್ಲೆಯಲ್ಲಿಯೇ ಇಂದು ಪಶುವೈದ್ಯ ವಿಶ್ವವಿದ್ಯಾಲಯವಿದೆ. ಅಂಥ ಪರಂಪರೆಯ ಭಾಷೆಗೆ ಕೊಟ್ಟಿಗೆ ಅನ್ಯವಾಗಬೇಕಾಗಿಲ್ಲ.

ಕೊಟ್ಟಿಗೆ ನಮ್ಮದಲ್ಲ, ನಾವು ನಗರದವರು ಎಂದು ಸುಮ್ಮನಿರುವಂತೆಯೂ ಇಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮನುಷ್ಯರ ರೋಗವೊಂದು ಜಗತ್ತಿಗೆ ಗೊತ್ತಾಯಿತು. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭಯಕ್ಕೆ ಸೂರತ್ತನ್ನು ಬಿಟ್ಟು ಓಡಿದ ಲಕ್ಷಾಂತರ ಜನರಲ್ಲಿ ಕನ್ನಡಿಗರೂ ಇದ್ದರು. ಇಲಿಯ ರೋಗ ಎಷ್ಟು ಬೇಗ ಮನುಷ್ಯನ ರೋಗವಾಗುತ್ತದೆಂಬುದನ್ನು ಆ ನಗರಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ಚರ್ಮಗಂಟು ರೋಗ ಕಚ್ಛ–ಸೌರಾಷ್ಟ್ರಗಳಲ್ಲಿ ಹಬ್ಬಿ, ಕರ್ನಾಟಕದ ಕೊಟ್ಟಿಗೆಗಳನ್ನೂ ಬಿಡಲಿಲ್ಲ. ಇದೇ ವಿದ್ಯೆಯ ಗೆಲುವಿಗೂ ಸಾಕ್ಷಿಯಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಊರೂರಿನ ದನಗಳನ್ನು ಬಲಿ ತೆಗೆದುಕೊಂಡ ದೊಡ್ಡರೋಗ 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ಸುತ್ತಿದ ಹೆಸರಿಲ್ಲದ ಪಶುವೈದ್ಯರ ಸಾಧನೆಯದು.

ಆಕ್ಷೇಪಣೆಗಳಿಲ್ಲದಿಲ್ಲ. 'ದನದ ಡಾಕ್ಟರು' ಎಂಬ ಮಾತಿನಲ್ಲಿನ ತಾತ್ಸಾರ ಮದುವೆಯ ಮಾರುಕಟ್ಟೆಯವರೆಗೂ ಹಿಂಬಾಲಿಸುತ್ತದೆ. ಮನುಷ್ಯವೈದ್ಯ ವಿದ್ಯಾರ್ಥಿಗೆ ದೊರೆಯುವಷ್ಟೇ ಭತ್ಯೆ ತಮಗೂ ಬೇಕೆಂದು ಪಶುವೈದ್ಯ ವಿದ್ಯಾರ್ಥಿಗಳು ಹಲವು ರಾಜ್ಯಗಳಲ್ಲಿ ಬೀದಿಗಿಳಿದದ್ದುಂಟು. ಕೋಳಿ ಸಾಕಣೆ, ಮಾಂಸದ ಪರೀಕ್ಷೆಗಳೂ ಪಠ್ಯದಲ್ಲಿವೆ. ಮಡಿವಂತ ಮನೆಗಳಿಗೆ ಅದು ಇರುಸುಮುರುಸು. ಇವನ್ನು ಮುಚ್ಚಿಟ್ಟು ಮಗುವನ್ನು ಆ ಕಾಲೇಜಿಗೆ ಕಳಿಸುವುದು ಸಲ್ಲದು. ಆದರೆ ಹೆಣ್ಣುಮಕ್ಕಳಿಗೆ ಇದು ತಕ್ಕ ವೃತ್ತಿಯಲ್ಲವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಚರೋತರದಲ್ಲಾಗಲಿ ಮಂಡ್ಯದಲ್ಲಾಗಲಿ ಹಾಲು ಕರೆಯುವ, ಮೇವು ಹಾಕುವ, ಕಾಯಿಲೆಯನ್ನು ಮೊದಲು ಗುರುತಿಸುವ ಕೈ ಹೆಚ್ಚಾಗಿ ಹೆಂಗಸಿನದು. ಆಕೆ ಗಂಡಸಿನೆದುರು ನುಂಗಿಕೊಳ್ಳುವ ಮಾತನ್ನು ವೈದ್ಯೆಯೊಬ್ಬಳ ಬಳಿ ಬಿಚ್ಚಿ ಹೇಳಿಯಾಳು.

ನಮ್ಮ ಸಂಘಗಳ ರಾಜ್ಯೋತ್ಸವಗಳಲ್ಲಿ ಪುಣ್ಯಕೋಟಿಯ ರೂಪಕಕ್ಕೆ ಹಸುವಿನ ಮುಖವಾಡ ತೊಟ್ಟ ಮಕ್ಕಳನ್ನು ಕಂಡು ನಾವು ಕಣ್ಣೊರೆಸಿಕೊಳ್ಳುತ್ತೇವೆ. ಒಳ್ಳೆಯದೇ. ಅದರ ಜೊತೆಗೆ ಮೂರು ಕೆಲಸಗಳನ್ನು ಮೂರೂ ನಗರಗಳ ಸಂಘಗಳು ಕೈಗೊಳ್ಳಲಿ. ಮೊದಲನೆಯದಾಗಿ, ಹತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಂದು ದಿನ ಆಣಂದಿಗೋ ನವಸಾರಿಗೋ ಕರೆದೊಯ್ದು, ಅನುಮತಿ ಪಡೆದು, ಕಾಲೇಜನ್ನೂ ಹಾಲಿನ ಸಂಘವೊಂದನ್ನೂ ತೋರಿಸಲಿ. ಎರಡನೆಯದಾಗಿ, ಪ್ರವೇಶದ ನಿಯಮಗಳನ್ನು ಪ್ರತಿವರ್ಷ ತರಿಸಿ ತಂದೆತಾಯಿಗಳಿಗೆ ತಿಳಿಸಲಿ. ಸ್ಥಾನಗಳಲ್ಲಿ ಶೇ. 15 ಅಖಿಲ ಭಾರತ ಪಾಲಿಗೆ ನೀಟ್ ಅಂಕದ ಮೇಲೆ ಹೋಗುತ್ತವೆ. ಉಳಿದವು ಆಯಾ ರಾಜ್ಯದವು. ಕರ್ನಾಟಕದಲ್ಲಿ ಸಾಮಾನ್ಯವಾಗಿ ಏಳು ವರ್ಷ ಅಲ್ಲಿಯೇ ಓದಿರಬೇಕೆಂಬ ನಿಯಮವಿರುವುದರಿಂದ, ಇಲ್ಲಿ ಓದಿ ಬೆಳೆದ ಮಗುವಿಗೆ ಹತ್ತಿರದ ಬಾಗಿಲು ಆಣಂದಿನದೇ. ಮೂರನೆಯದಾಗಿ, ಆ ದಾರಿ ಹಿಡಿದ ವಿದ್ಯಾರ್ಥಿಗೆ ಸಂಘದ ವಿದ್ಯಾರ್ಥಿವೇತನದಲ್ಲಿ ಇಂಜಿನಿಯರನಿಗೂ ವೈದ್ಯನಿಗೂ ಇರುವ ಸ್ಥಾನವೇ ದೊರೆಯಲಿ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಗಳನ್ನು ಒತ್ತಾಯಿಸುತ್ತೇನೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ: ಆ ಹಳೆಯ ಗದರಿಕೆಯನ್ನು ಈ ಸಂಜೆಯಿಂದಲೇ ನಮ್ಮ ಮನೆಗಳಲ್ಲಿ ನಿಲ್ಲಿಸಬಹುದು.