ಗ್ರಾಹಕನೇ ಕೇಂದ್ರವೆಂಬುದು ತಂತ್ರವಲ್ಲ, ವ್ರತ

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೆ ಸಮೀಪದಲ್ಲಿರುವ ಶೆಟ್ಟಿಹಳ್ಳಿಯ ಹೆಸರಿನಲ್ಲಿಯೇ ಒಬ್ಬ ವ್ಯಾಪಾರಿಯಿದ್ದಾನೆ. ‘ಶ್ರೇಷ್ಠಿ’ ಎಂಬ ಸಂಸ್ಕೃತ ಪದವು ಕನ್ನಡದ ನಾಲಗೆಯಲ್ಲಿ ಸೆಟ್ಟಿಯಾಗಿ, ಶೆಟ್ಟಿಯಾಗಿ ನಿಂತಿತು. ಆ ಹೆಸರನ್ನು ಹೊತ್ತವನು ಹಣದಲ್ಲಿ ಮಾತ್ರ ಶ್ರೇಷ್ಠನೋ, ತಕ್ಕಡಿಯ ಮುಂದೆಯೂ ಶ್ರೇಷ್ಠನೋ ಎಂಬ ಪ್ರಶ್ನೆ ಹಳೆಯದು. ಇಂದು ಅದು ಹೊಸ ಉಡುಪಿನಲ್ಲಿ ಬಂದಿದೆ.

ಗ್ರಾಹಕನ ಅನುಭವವನ್ನೇ ವ್ಯಾಪಾರ ತಂತ್ರದ ಕೇಂದ್ರದಲ್ಲಿಡಬೇಕೆಂದು ವಾಣಿಜ್ಯ ವಿದ್ಯಾಲಯಗಳೂ ದೊಡ್ಡ ಕಂಪನಿಗಳೂ ಉಪದೇಶಿಸುತ್ತಿವೆ. ಉಪದೇಶ ತಪ್ಪಲ್ಲ, ಅದನ್ನು ತಂತ್ರವೆಂದು ಮಾತ್ರ ತಿಳಿಯುವುದು ತಪ್ಪು. ಲಾಭಕ್ಕಾಗಿ ಹಿಡಿದ ತಂತ್ರವನ್ನು ಲಾಭಕ್ಕಾಗಿಯೇ ಬಿಡಬಹುದು. ವ್ರತವನ್ನು ಹಾಗೆ ಬಿಡಲಾಗದು.

ಕೊಳ್ಳುವವನನ್ನು ಮರೆತರೆ ಏನಾಗುವುದೆಂಬುದಕ್ಕೆ ಸಾಕ್ಷಿ ಶೆಟ್ಟಿಹಳ್ಳಿಯ ನೆರೆಯಲ್ಲಿಯೇ ಇದೆ. ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ಕೊಡುವ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರವೇ ಆಗಿದ್ದ ಕಾಲವೊಂದಿತ್ತು. ಅಂಧರು ಬೆರಳಿನಿಂದ ಮುಟ್ಟಿ ವೇಳೆಯನ್ನು ತಿಳಿಯುವ ಬ್ರೈಲ್ ಗಡಿಯಾರವನ್ನೂ ಆ ಸಂಸ್ಥೆ ತಯಾರಿಸಿತು. ಕುಶಲತೆಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಪೂರೈಕೆಗಿಂತ ಬೇಡಿಕೆ ಹೆಚ್ಚಾಗಿದ್ದ ಆ ದಿನಗಳಲ್ಲಿ ಕೊಳ್ಳುವವನು ಕಾಯುತ್ತಿದ್ದನು. ಅವನ ಮನಸ್ಸಿನಲ್ಲೇನಿದೆಯೆಂದು ಕೇಳುವ ಅಗತ್ಯ ಮಾರುವವನಿಗೆ ಬೀಳಲಿಲ್ಲ. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು 1987ರಿಂದ ಹೊಸೂರಿನ ಗಡಿಯಾರಗಳನ್ನು ಮಾರುಕಟ್ಟೆಗೆ ತಂದು, ಅಂದವಾದ ಮಳಿಗೆಗಳಲ್ಲಿ ಹರಡಿ, ಆರಿಸಿಕೊಳ್ಳುವ ಸುಖವನ್ನು ಗ್ರಾಹಕನಿಗೆ ಕೊಟ್ಟಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಒಪ್ಪಿತು. ಪತನಕ್ಕೆ ಕಾರಣಗಳು ಹಲವು. ಗ್ರಾಹಕನು ಎಲ್ಲಿಗೂ ಹೋಗಲಾರನೆಂಬ ನಂಬಿಕೆಯೂ ಅವುಗಳಲ್ಲಿ ಒಂದು.

ಇಷ್ಟನ್ನು ಯಾವ ವಾಣಿಜ್ಯ ಪಠ್ಯವಾದರೂ ಹೇಳೀತು. ಶ್ರಾವಕನಿಗೆ ಮುಟ್ಟಬೇಕಾದ ಪಾಠ ಬೇರೆಯದು. ಅದು ಬಂಗಾರದ ಅಂಗಡಿಯಲ್ಲಿದೆ. ಅದೇ ಟೈಟನ್ ಸಂಸ್ಥೆಯ ತನಿಷ್ಕ್ ಮಳಿಗೆಗಳಲ್ಲಿ 1990ರ ದಶಕದ ಕೊನೆಗೆ ‘ಕ್ಯಾರಟ್ ಮೀಟರ್’ ಎಂಬ ಯಂತ್ರ ಬಂದಿತು. ಒಡವೆಯನ್ನು ಕರಗಿಸದೆ, ಒರೆಗಲ್ಲಿಗೆ ಉಜ್ಜದೆ, ಎಕ್ಸ್-ಕಿರಣಗಳಿಂದ ಅದರ ಶುದ್ಧತೆಯನ್ನು ಗ್ರಾಹಕನ ಕಣ್ಣೆದುರಿಗೇ ಅದು ತೋರಿಸುತ್ತಿತ್ತು. ತಲೆಮಾರುಗಳಿಂದ ನಂಬಿದ ಅಂಗಡಿಯಲ್ಲಿ 22 ಕ್ಯಾರಟ್ ಎಂದು ಕೊಂಡ ಒಡವೆಯು ಅಷ್ಟಿಲ್ಲವೆಂದು ಎಷ್ಟೋ ಮನೆಗಳವರು ಅಲ್ಲಿ ಕಂಡುಕೊಂಡರು.

ಲೆಕ್ಕವನ್ನು ನೋಡಿರಿ. 22 ಕ್ಯಾರಟಿನ ನೂರು ಗ್ರಾಂ ಒಡವೆಯಲ್ಲಿ ಸುಮಾರು 91.67 ಗ್ರಾಂ ಅಪರಂಜಿ ಇರಬೇಕು. 19 ಕ್ಯಾರಟಾದರೆ ಇರುವುದು 79.17 ಗ್ರಾಂ. ಹನ್ನೆರಡೂವರೆ ಗ್ರಾಂ ಚಿನ್ನದ ಹಣವು ಗ್ರಾಹಕನ ಕೈಯಿಂದ ಹೋಯಿತು, ಚಿನ್ನವು ಬರಲಿಲ್ಲ. ಕನ್ನ ಹಾಕಿ ಅಷ್ಟನ್ನೇ ಒಯ್ದವನನ್ನು ಲೋಕವು ಕಳ್ಳನೆನ್ನುತ್ತದೆ. ಗಾದಿಯ ಮೇಲೆ ಕುಳಿತು ನಗುಮುಖದಿಂದ ಒಯ್ದವನನ್ನು ಸಾಹುಕಾರರೆನ್ನುತ್ತದೆ.

ಬಂಗಾರದ ವ್ಯಾಪಾರದಲ್ಲಿ ಜೈನರು ಕಡಿಮೆಯೇನಿಲ್ಲ. ಹಾಗಿರುವಾಗ ಈ ಯಂತ್ರವು ಮೊದಲು ಜೈನನ ಅಂಗಡಿಯಲ್ಲಿ ಕಾಣಿಸಿಕೊಳ್ಳಬೇಕಾಗಿತ್ತಲ್ಲವೇ? ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ವಸ್ತುವಿನಲ್ಲಿ ಕೀಳು ವಸ್ತುವನ್ನು ಬೆರೆಸಿ ಮಾರುವುದು. ಕಡೆಯದೇ ಪ್ರತಿರೂಪಕ ವ್ಯವಹಾರ; ಕ್ಯಾರಟ್ ಮೀಟರ್ ಹಿಡಿದುಕೊಟ್ಟದ್ದು ಇದನ್ನೇ. ಶಾಸ್ತ್ರದಲ್ಲಿ ಓದಿದ್ದನ್ನು ಸಮಾಜವು ಆಚರಿಸದಿದ್ದುದರಿಂದ ಸರಕಾರವು ಕಾನೂನಾಗಿ ಹೇಳಬೇಕಾಯಿತು. 2000ದಲ್ಲಿ ಐಚ್ಛಿಕವಾಗಿ ಬಂದ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್ ತಿಂಗಳಿನಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರಾಂಕಗಳ ಗುರುತೂ ಇರಲೇಬೇಕಾಯಿತು. ಕಡ್ಡಾಯವಾದ ಮೇಲೆ ಪ್ರಾಮಾಣಿಕನಾದವನಿಗೆ ದಂಡ ತಪ್ಪುತ್ತದೆ. ಪುಣ್ಯ ಎಷ್ಟು ದೊರೆಯುವುದೋ ಅವನೇ ಯೋಚಿಸಲಿ.

ಇನ್ನು ಗ್ರಾಹಕನ ಅನುಭವವು ಬರಿಯ ತಂತ್ರವಾದಾಗ ತಾಳುವ ರೂಪವನ್ನು ನೋಡಬೇಕು. ಜಾಲತಾಣದ ವ್ಯಾಪಾರಿಗಳು ಗ್ರಾಹಕನ ಕಣ್ಣು ಎಲ್ಲಿ ನಿಲ್ಲುತ್ತದೆ, ಬೆರಳು ಎಲ್ಲಿ ಒತ್ತುತ್ತದೆ ಎಂಬುದನ್ನು ಸೂಕ್ಷ್ಮವಾಗಿ ಅಭ್ಯಸಿಸುತ್ತಾರೆ. ಗ್ರಾಹಕನು ಅಲ್ಲಿ ನಿಜವಾಗಿಯೂ ಕೇಂದ್ರದಲ್ಲಿದ್ದಾನೆ. ಬಲೆಯ ಕೇಂದ್ರದಲ್ಲಿ ಮಿಗವಿರುವಂತೆ. ಇನ್ನು ಎರಡೇ ಉಳಿದಿವೆಯೆಂಬ ಸುಳ್ಳು ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹೆಜ್ಜೆಯಲ್ಲಿ ಬೆಲೆಯನ್ನು ಏರಿಸುವುದು, ಚಂದಾದಾರನಾದವನು ಹೊರಬರಲಾರದಂತೆ ಬಾಗಿಲನ್ನು ಅಡಗಿಸುವುದು: ಇಂತಹ 13 ಬಗೆಯ ವಂಚನೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿತು. ಪೇಟೆಯ ಅಂಗಡಿಕಾರನು ಇದನ್ನೋದಿ ಮೂಗುಮುರಿಯಬೇಕಾಗಿಲ್ಲ. ಮೂರು ತಿಂಗಳಿಂದ ತೂಗುತ್ತಿರುವ ‘ಇಂದೇ ಕೊನೆಯ ದಿನ’ ಎಂಬ ಫಲಕವೂ, ಹರಳಿನ ತೂಕಕ್ಕೆ ಚಿನ್ನದ ಬೆಲೆ ಹಾಕಿದ ಚೀಟಿಯೂ ಅದೇ ಕುಲದವು.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಪಕ್ಕದ ಅಂಗಡಿಯವನು ಕಲಬೆರಕೆಯಿಂದ ಅಗ್ಗಕ್ಕೆ ಮಾರುವಾಗ ಪ್ರಾಮಾಣಿಕನು ಬದುಕುವುದೆಂತು ಎಂಬುದು ಮೊದಲನೆಯದು. ಕಷ್ಟವು ನಿಜ. ಆದರೆ ತನ್ನ ಬೆಲೆ ಏಕೆ ಹೆಚ್ಚೆಂಬುದನ್ನು ಗ್ರಾಹಕನಿಗೆ ತೋರಿಸಿ ತಿಳಿಸದೆ, ಅವನು ಅಗ್ಗವನ್ನೇ ಬಯಸುತ್ತಾನೆಂದು ದೂರುವುದು ನ್ಯಾಯವಲ್ಲ. ಕ್ಯಾರಟ್ ಮೀಟರ್ ಮಾಡಿದ್ದು ಆ ತೋರಿಸುವ ಕೆಲಸವನ್ನೇ. ಗ್ರಾಹಕನೇ ಬಿಲ್ಲು ಬೇಡವೆನ್ನುತ್ತಾನೆ ಎಂಬುದು ಎರಡನೆಯದು. ಹಾಗೆ ಕೇಳುವವನನ್ನು ತೃಪ್ತಿಪಡಿಸುವುದು ಅತಿಚಾರಗಳಲ್ಲಿ ಮೂರನೆಯದು. ತಂತ್ರಕ್ಕೂ ವ್ರತಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುತ್ತದೆ: ತಂತ್ರವು ಗ್ರಾಹಕನ ಇಷ್ಟವನ್ನು ನೋಡುತ್ತದೆ, ವ್ರತವು ಅವನ ಹಿತವನ್ನೂ ತನ್ನ ಆತ್ಮವನ್ನೂ ನೋಡುತ್ತದೆ.

ಬಸದಿಗಳ ಟ್ರಸ್ಟುಗಳೂ ಈ ವಿಚಾರದಿಂದ ಹೊರಗಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಅಮೃತಶಿಲೆಯ ಹಲಗೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸುವ ಮುನ್ನ ಎಷ್ಟು ಕೊಟ್ಟರೆಂದು ಕೇಳುವ ರೂಢಿಯಿದೆ. ಹೇಗೆ ಗಳಿಸಿದರೆಂದು ಕೇಳುವ ರೂಢಿಯಿಲ್ಲ. ಮಾರಿದಾಗ ಕಡಿಮೆ ತೂಗಿ ಪಂಚಕಲ್ಯಾಣಕ್ಕೆ ಹೆಚ್ಚು ಕೊಡುವವನು ಗ್ರಾಹಕನ ಹಣವನ್ನು ತನ್ನ ಹೆಸರಿನಲ್ಲಿ ದಾನ ಮಾಡುತ್ತಾನೆ, ಅಷ್ಟೆ. ಪಾಠಶಾಲೆಯಲ್ಲಿ ಅತಿಚಾರಗಳನ್ನು ಕಂಠಪಾಠ ಮಾಡಿಸುವ ಟ್ರಸ್ಟು, ಒಂದು ತಕ್ಕಡಿಯನ್ನೂ ಒಂದು ಬಿಲ್ಲನ್ನೂ ಮಕ್ಕಳ ಮುಂದಿಟ್ಟು ಅವುಗಳನ್ನು ವಿವರಿಸಲಿ.

ದಶಲಕ್ಷಣ ಪರ್ವದ ಅನಂತರ ಕ್ಷಮಾವಣಿಯಂದು ಶ್ರಾವಕರು ಬಂಧುಗಳಿಗೆ, ಮಿತ್ರರಿಗೆ, ಪಾಲುದಾರರಿಗೆ ಕ್ಷಮೆ ಕೋರಿ ಪತ್ರ ಬರೆಯುತ್ತಾರೆ. ವರ್ಷವಿಡೀ ಅಂಗಡಿಯ ಮೆಟ್ಟಿಲು ಹತ್ತಿದ ಗ್ರಾಹಕನ ವಿಳಾಸವು ಆ ಪಟ್ಟಿಯಲ್ಲಿ ಇರುವುದಿಲ್ಲ. ಮುಂದಿನ ಕ್ಷಮಾವಣಿಗೆ ಒಬ್ಬ ವ್ಯಾಪಾರಿಯಾದರೂ ಲೆಕ್ಕದ ಪುಸ್ತಕವನ್ನು ತೆರೆದು, ತಪ್ಪಾಗಿ ಪಡೆದ ಹಣವನ್ನು ಕೊಂಡವರ ಮನೆಗೇ ಒಯ್ದು ಹಿಂದಿರುಗಿಸಿ, ಕೈಮುಗಿಯಲಿ. ಶ್ರೇಷ್ಠಿ ಎಂಬ ಹಳೆಯ ಹೆಸರು ಆ ದಿನ ಅವನಿಗೆ ಸಲ್ಲುತ್ತದೆ.