ಹೊಗೆಯಾಚೆಯ ಆಕಾಶ

ಉತ್ತರಾಯಣದ ಸಂಜೆ. ಪಾಂಡೇಸರಾದ ಮಾಳಿಗೆಗಳ ಮೇಲೆ ಗಾಳಿಪಟದ ಗದ್ದಲ ಇಳಿದ ಮೇಲೂ ನಾವು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದೆವು. ಮನೆಯ ಅಜ್ಜಿ, ತಾವು ಊರಿನ ಕಣದಲ್ಲಿ ಮಲಗಿ ಕಂಡ ಆಕಾಶಗಂಗೆಯ ಸಂಗತಿಯನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಹುಡುಗಿ ಕತ್ತೆತ್ತಿ ನೋಡಿದಳು. ಮಿಲ್ಲುಗಳ ದೀಪ, ಚಿಮಣಿಗಳ ಹೊಗೆ; ಅವುಗಳ ನಡುವೆ ರೋಹಿಣಿ ನಕ್ಷತ್ರವೊಂದು ಕೆಂಪಗೆ ಮಿನುಗುತ್ತಿತ್ತು, ಅಷ್ಟೆ. “ಅಜ್ಜಿ, ಆ ಗಂಗಿ ಊರಾಗ ಉಳದಾಳೇನು?” ಎಂದು ಕೇಳಿದಳು. ನಮಗೆ ನಗು ಬಂತು. ಮರುಕ್ಷಣವೇ ನಗು ನಿಂತಿತು. ಊರು ಬಿಟ್ಟು ಬಂದವರ ಮಕ್ಕಳಿಗೆ ಆಕಾಶವೂ ಊರಿನ ಪಾಲಾಗಬೇಕೆ?

ಹಾಗಾಗಬೇಕಿಲ್ಲ ಎಂದು ತಿಳಿಸಲೆಂದೇ ಈ ಸಲದ ಅಂಕಣ. ಬೆಳಕನ್ನು ಹೊಗೆ ತಡೆದೀತು. ಬಾನುಲಿಯ ಅಲೆಗಳು ಅದಕ್ಕೆ ಜಗ್ಗುವುದಿಲ್ಲ. ಆ ಅಲೆಗಳಿಂದ ವಿಜ್ಞಾನಿಗಳು ಬರೆದ ಆಕಾಶದ ನಕ್ಷೆಗಳು ಇಂದು ಎಲ್ಲರ ಸ್ವತ್ತು. ಅವನ್ನು ನೋಡಲು ಹಣ ಬೇಡ, ಅರ್ಜಿ ಬೇಡ, ಪದವಿಯೂ ಬೇಡ.

ಅವುಗಳಲ್ಲೊಂದು ನಮ್ಮ ನಾಡಿನದೇ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ ೧೯೭೬ರಲ್ಲಿ ಒಂದು ದೂರದರ್ಶಕವನ್ನು ಕಟ್ಟಿದವು. ಅದರಲ್ಲಿ ಕನ್ನಡಿಯೂ ಇರಲಿಲ್ಲ, ಬೋಗುಣಿಯೂ ಇರಲಿಲ್ಲ. ಹೊಲದ ನಡುವೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸಾಲಾಗಿ ನಿಲ್ಲಿಸಿದ ೧,೦೦೦ ಆಂಟೆನಾಗಳು. ಇದರಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ತಯಾರಿಸಿದ ೩೪.೫ ಮೆಗಾಹರ್ಟ್ಸಿನ ಆಕಾಶದ ನಕ್ಷೆ ೧೯೯೦ರಲ್ಲಿ ಪ್ರಕಟವಾಯಿತು. ನಾವಿರುವ ಸೂರತ್ತಿಗೂ ಈ ವಿದ್ಯೆ ಹೊಸದಲ್ಲ. ೧೯೮೦ರ ದಶಕದಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯವು ಸೌರಮಾರುತವನ್ನು ಅಳೆಯಲು ಥಲತೇಜ್, ರಾಜಕೋಟ ಮತ್ತು ಸೂರತ್ತುಗಳಲ್ಲಿ ಬಾನುಲಿ ದೂರದರ್ಶಕಗಳನ್ನು ನಡೆಸಿತ್ತು.

ಎರಡನೆಯ ನಕ್ಷೆ ಅಮೆರಿಕದ್ದು. ನಕ್ಷತ್ರಗಳು ಹುಟ್ಟುವುದು ಜಲಜನಕದ ಅಣುಗಳು ತುಂಬಿದ, ಸೊನ್ನೆಗಿಂತ ೨೬೦ ಡಿಗ್ರಿಯಷ್ಟು ಕೆಳಗಿನ ಚಳಿಯ ಮೋಡಗಳಲ್ಲಿ. ಅಷ್ಟು ಚಳಿಯಲ್ಲಿ ಜಲಜನಕದ ಅಣು ಮೌನಿ. ಆದರೆ ಅದರೊಡನೆ ಹತ್ತು ಸಾವಿರಕ್ಕೆ ಒಂದರಂತೆ ಬೆರೆತಿರುವ ಇಂಗಾಲದ ಮಾನಾಕ್ಸೈಡ್ ಅಣು ೨.೬ ಮಿಲಿಮೀಟರಿನ ಅಲೆಯನ್ನು ಹೊಮ್ಮಿಸುತ್ತ ಮೋಡದ ಗುಟ್ಟನ್ನು ರಟ್ಟು ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೆಗಡಿ ಇಟ್ಟು ಮಲಗಿದವರ ಜೀವ ತೆಗೆಯುವ, ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಇದೇ. ಆಕಾಶದಲ್ಲಿ ಇದರ ಸುಳಿವು ಮೊದಲು ಸಿಕ್ಕಿದ್ದು ೧೯೭೦ರಲ್ಲಿ. ಮುಂದೆ ನ್ಯೂಯಾರ್ಕಿನಲ್ಲೊಂದು, ಚಿಲಿ ದೇಶದಲ್ಲೊಂದು ಪುಟ್ಟ ದೂರದರ್ಶಕವನ್ನಿಟ್ಟು, ವರ್ಷಗಟ್ಟಲೆ ಅಳೆದು, ೨೦೦೧ರಲ್ಲಿ ಇಡೀ ಆಕಾಶಗಂಗೆಯ ನಕ್ಷೆಯನ್ನು ಪ್ರಕಟಿಸಿದರು. ಅವುಗಳ ಬೋಗುಣಿಯ ಅಗಲ ೧.೨ ಮೀಟರು, ಸೀರೆಯ ಪನ್ನಕ್ಕಿಂತ ತುಸುವೇ ಹೆಚ್ಚು!

ಇನ್ನು ಬಳಸುವ ಬಗೆ. ನಾಸಾದವರ ‘ಸ್ಕೈವ್ಯೂ’ ಎಂಬ ಅಂತರ್ಜಾಲ ಸೇವೆಯಲ್ಲಿ ಈ ಎರಡು ನಕ್ಷೆಗಳೂ ಇವೆ. ಅಂದು ನಾವು ಕಂಡ ರೋಹಿಣಿಯ ನೆರೆಯನ್ನೇ ಆರಿಸಿಕೊಳ್ಳೋಣ. ವಿಷುವದಂಶ ೫ ಗಂಟೆ, ಉತ್ತರ ಘಂಟಾವೃತ್ತಾಂಶ ೨೫ ಡಿಗ್ರಿ ಎಂದು ಕೊಡಿ. ಚಿತ್ರದ ಅಗಲ ೩೦ ಡಿಗ್ರಿ ಇರಲಿ. ಮಾನಾಕ್ಸೈಡಿನ ನಕ್ಷೆಯಲ್ಲಿ, ರೋಹಿಣಿಯ ಉತ್ತರಕ್ಕೆ ಕಣ್ಣಿಗೆ ಬರೀ ಕತ್ತಲಾಗಿರುವ ಜಾಗದಲ್ಲಿ ಒಂದು ಮೋಡ ಹೊಳೆಯುತ್ತದೆ. ಅದು ಸುಮಾರು ೪೫೦ ಜ್ಯೋತಿರ್ವರ್ಷ ದೂರದ, ಈಗಲೂ ನಕ್ಷತ್ರಗಳನ್ನು ಹೆರುತ್ತಿರುವ ವೃಷಭದ ಮೋಡ. ಅದೇ ಜಾಗವನ್ನು ಗೌರಿಬಿದನೂರಿನ ನಕ್ಷೆಯಲ್ಲಿ ನೋಡಿ. ಮೋಡ ಮಾಯ, ಅದರ ಪೂರ್ವಕ್ಕೆ ಬೇರೊಂದು ಚುಕ್ಕೆ ಥಳಥಳಿಸುತ್ತದೆ. ಅದು ಏಡಿ ನೀಹಾರಿಕೆ. ೧೦೫೪ರಲ್ಲಿ ಸಿಡಿದುದನ್ನು ಚೀನೀಯರು ಕಂಡು ಬರೆದಿಟ್ಟ ನಕ್ಷತ್ರದ ಅವಶೇಷ. ಒಂದು ನಕ್ಷೆಯಲ್ಲಿ ಬಾಣಂತಿಕೋಣೆ, ಇನ್ನೊಂದರಲ್ಲಿ ಸ್ಮಶಾನ. ಎರಡೂ ಒಂದೇ ಅಂಗಳದಲ್ಲಿ.

ಒಂದು ಎಚ್ಚರಿಕೆ. ಪರದೆಯ ಮೇಲಿನ ಬಣ್ಣವನ್ನು ನಂಬಿ ಲೆಕ್ಕ ಮಾಡಬಾರದು. ಫೋಟೋ ನೋಡಿ ಶೇಡು ಒಪ್ಪುವ ಡೈಯಿಂಗ್ ಮಾಸ್ಟರರನ್ನು ಯಾರಾದರೂ ಕಂಡಿದ್ದೀರಾ? ಅವರು ಬಟ್ಟೆಯ ತುಂಡನ್ನೇ ಕೇಳುತ್ತಾರೆ. ಇಲ್ಲಿ ಆ ತುಂಡಿನ ಹೆಸರು ‘ಫಿಟ್ಸ್’ ಕಡತ. ಅದರಲ್ಲಿ ಚಿತ್ರದ ಪ್ರತಿಯೊಂದು ಬಿಂದುವಿಗೂ ಅಳೆದ ಅಂಕಿ ಇರುತ್ತದೆ. ಮಾನಾಕ್ಸೈಡಿನ ಅಂಕಿಯನ್ನು ೨ರ ಮುಂದೆ ೨೦ ಸೊನ್ನೆ ಬರೆದ ಸಂಖ್ಯೆಯಿಂದ ಗುಣಿಸಿದರೆ, ನಮ್ಮ ದೃಷ್ಟಿಯ ನೇರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಜಲಜನಕದ ಅಣುಗಳೆಷ್ಟೆಂಬ ಅಂದಾಜು ದೊರೆಯುತ್ತದೆ. ಅಂದಾಜು ಎಂಬ ಮಾತನ್ನು ಮರೆಯಬಾರದು. ಶಾಲೆಯ ಪ್ರದರ್ಶನಕ್ಕೆ ಬಳಸುವುದಾದರೆ ನಕ್ಷೆ ಮಾಡಿದವರ ಹೆಸರನ್ನು ಬರೆಯುವುದೂ ಧರ್ಮ.

ಹುಡುಗಿ ಈ ಎರಡು ಚಿತ್ರಗಳನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, “ನಾ ಕಂಡ ಗಂಗಿ ಹಿಂಗ ಇರಲಿಲ್ಲವ್ವಾ” ಎಂದರು. ನಿಜವೇ. ಅಜ್ಜಿ ಕಂಡದ್ದನ್ನು ಮೊಮ್ಮಗಳು ಇಲ್ಲಿಂದ ಕಾಣಲಾರಳು. ಅದರ ನಷ್ಟ ನಷ್ಟವೇ. ಆದರೆ ಅಜ್ಜಿ ಕಾಣದ್ದನ್ನು ಅವಳು ಕಂಡಳು. ರಜೆಗೆ ಊರಿಗೆ ಹೋದಾಗ ಇಬ್ಬರೂ ಕಣದಲ್ಲಿ ಮಲಗಿ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ.